ಮುಷ್ಟಿ ಬಿಚ್ಚದ ಕೂಸು

ರೋಣದ ಜಮಾಲಬಿ ಗಂಡ ತೀರಿದ ಮೇಲೆ ಬಳೆಯ ಮಲಾರವನ್ನು ತಾನೇ ಹೆಗಲಿಗೇರಿಸಿಕೊಂಡವಳು. ಇಪ್ಪತ್ತು ವರ್ಷದಿಂದ ಅಬ್ಬಿಗೇರಿ, ಜಕ್ಕಲಿ, ಬೆಳವಣಕಿಯ ಕಟ್ಟೆಗಳ ಮೇಲೆ ಕೂತು ಬಳೆ ತೊಡಿಸುತ್ತಿದ್ದಾಳೆ. ಒಮ್ಮೆ ಹಿಚುಕಿ ನೋಡಿದರೆ ಸಾಕು, ಕೈಯ ಅಳತೆ ಅವಳಿಗೆ ತಿಳಿಯುತ್ತದೆ.

ಹೋದ ವರ್ಷ ಪಂಚಮಿ ಹತ್ತಿರ ಬಂದಾಗ ಅಬ್ಬಿಗೇರಿಯ ರೇಣುಕವ್ವ ಅವಳನ್ನು ಕರೆಸಿದಳು. ಅದು ಓಣಿಗೆಲ್ಲ ದೊಡ್ಡ ಮನೆ. ಅಲ್ಲಿ ತೊಡಿಸಿದವರ ಬಳಿಯೇ ಉಳಿದ ಹೆಂಗಸರೂ ಕೈಯೊಡ್ಡುತ್ತಿದ್ದರು. ಸೊಸೆ ಐಶ್ವರ್ಯಾಗೆ ಹಸಿರು ಬಳೆ ತೊಡಿಸಿದ ಜಮಾಲಬಿ, ಅವಳ ಹನ್ನೊಂದು ತಿಂಗಳ ಹೆಣ್ಣು ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡಳು.

ಎಡಗೈಗೆ ಕರಿಬಳೆ ಸಲೀಸಾಗಿ ಏರಿತು. ಬಲಗೈ ಬಿಗಿಮುಷ್ಟಿಯಾಗಿತ್ತು, ಹೆಬ್ಬೆರಳು ಒಳಗೆ ಸಿಕ್ಕಿತ್ತು. ಕೂಸುಗಳ ಕೈಯ ಹಿಂಭಾಗ ಸವರಿದರೆ ಮುಷ್ಟಿ ಸಡಿಲಾಗುತ್ತದೆ. ಇದು ಆಗಲಿಲ್ಲ. ಬಿಡಿಸಿದ ಬೆರಳು ಮತ್ತೆ ಮಡಚಿಕೊಂಡವು. ಜಮಾಲಬಿ ಎರಡು ಬಳೆ ತೆಗೆದು ಕೂಸಿನ ಬಲಗಡೆ ಅಲ್ಲಾಡಿಸಿದಳು. ಕೂಸು ಮೈಯನ್ನೆಲ್ಲ ತಿರುಗಿಸಿ ಎಡಗೈ ಚಾಚಿತು. ಮತ್ತೊಮ್ಮೆ ಅಲ್ಲಾಡಿಸಿದಳು. ಮತ್ತೆ ಎಡಗೈ.

ಜಮಾಲಬಿಯ ಮಗಳು ಜಹೀದಾ ಚಿಕ್ಕವಳಿದ್ದಾಗ ಹೀಗೆಯೇ ಇದ್ದಳು. ಎಡಚಿ ಎಂದು ಎಲ್ಲರೂ ನಕ್ಕಿದ್ದರು, ತಾಯಿಯೂ ನಕ್ಕಿದ್ದಳು. ಸಾಲೆಗೆ ಸೇರಿಸುವ ವಯಸ್ಸಿನಲ್ಲಿ ಡಾಕ್ಟರಿಗೆ ತೋರಿಸಿದಾಗ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಿದ್ದರು.

ಈಗ ಬಾಯಿ ಬಿಟ್ಟರೆ ಈ ಮನೆ ಕೈತಪ್ಪುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಕೂಸು ಬಲಗೈ ಚಾಚುವುದೇ ಇಲ್ಲವೇ ಎಂದು ಕೇಳಿದಳು. ಕೂಸು ಅವರಪ್ಪನ ಹಾಗೆ ಎಡಚಿ ಎಂದಳು ರೇಣುಕವ್ವ.

"ಎಡಚಿ ಮಕ್ಕಳೂ ಇಷ್ಟ ಸಣ್ಣವರಿದ್ದಾಗ ಎರಡೂ ಕೈ ಚಾಚತಾವ್ರಿ, ರೇಣುಕವ್ವಾರ. ಒಂದ ಸಲ ಮಕ್ಕಳ ಡಾಕ್ಟರಿಗೆ ತೋರಸ್ರಿ. ನನ್ನ ಮಗಳಿಗೂ ಹಿಂಗ ಇತ್ತು. ನಾ ತಡಾ ಮಾಡಿದೆ."

ಕಟ್ಟೆಯ ಮೇಲಿದ್ದ ಹೆಂಗಸರು ಇತ್ತ ತಿರುಗಿದರು. ರೇಣುಕವ್ವ ಕೂಸನ್ನು ಎತ್ತಿಕೊಂಡಳು. "ಬಳಿ ತೊಡಸಾಕ ನಿನ್ನ ಕರಸೇನಿ. ನನ್ನ ಮೊಮ್ಮಗಳ ಮ್ಯಾಲ ಇಲ್ಲದ್ದು ಹೇಳಾಕಲ್ಲ."

ಆ ದಿನ ಓಣಿಯಲ್ಲಿ ಬೇರೆ ಯಾರೂ ಅವಳಿಗೆ ಕೈಯೊಡ್ಡಲಿಲ್ಲ.

ಮನೆಗೆ ಬಂದು ನಡೆದದ್ದನ್ನು ಮಗಳಿಗೆ ಹೇಳಿದಳು. ಜಹೀದಾ ತಾಲ್ಲೂಕು ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಕೈಯಲ್ಲಿ ದುಡಿಯುವ ಇಪ್ಪತ್ಮೂರರ ಹುಡುಗಿ. ಅವಳು ಕೇಳಿದಳು, "ಅವರ ಕೂಸಿಂದು ಒಂದ ಗಳಿಗ್ಯಾಗ ಕಾಣಿಸ್ತು. ನಂದ್ಯಾಕ ಕಾಣಿಸ್ಲಿಲ್ಲ?"

ತಾಯಿ ಮಗಳ ನಡುವೆ ಎರಡು ದಿನ ಮಾತೇ ಇರಲಿಲ್ಲ.

ಮೂರನೇ ವಾರ ಐಶ್ವರ್ಯಾ ಕೂಸನ್ನೆತ್ತಿಕೊಂಡು ಅವರ ಮನೆಯ ಬಾಗಿಲಿಗೆ ಬಂದು ನಿಂತಳು. ಸೂಜಿ ಹಾಕಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಇಪ್ಪತ್ತು ದಿನದಿಂದ ಅವಳು ಕೂಸನ್ನೇ ಗಮನಿಸುತ್ತಿದ್ದಳು. ಅಂಬೆಗಾಲಿಡುವಾಗ ಬಲಗಾಲನ್ನೂ ಎಳೆಯುತ್ತಿತ್ತು. ಅತ್ತೆ ದವಾಖಾನೆಯ ಮಾತೆತ್ತಲು ಬಿಡುತ್ತಿರಲಿಲ್ಲ, ಗಂಡ ನೋಡೋಣ ಎನ್ನುತ್ತಿದ್ದ. ಇದು ನಿಮ್ಮ ಮಗಳಿಗಾದದ್ದೇ ಹೌದೋ ಅಲ್ಲವೋ ಎಂದು ಅವಳು ಕೇಳಿದಳು. ತಾನು ಡಾಕ್ಟರಲ್ಲ, ಹೇಳಲಾರೆ ಎಂದಳು ಜಮಾಲಬಿ.

ಐಶ್ವರ್ಯಾ ಜಹೀದಾಳ ಕಡೆ ತಿರುಗಿದಳು. "ನಿನ್ನ ಕೈ ಒಮ್ಮೆ ನೋಡ್ಲೇನವಾ?"

ಮಗಳು ಆ ಕೈಯನ್ನು ಓಢಣಿಯ ಕೆಳಗೇ ಇಟ್ಟು ಬೆಳೆದವಳು, ಎದ್ದು ಒಳಗೆ ಹೋಗಿಬಿಡುತ್ತಾಳೆ ಎಂದು ಜಮಾಲಬಿ ಅಂದುಕೊಂಡಳು. ಜಹೀದಾ ಹೋಗಲಿಲ್ಲ. ಬಾಗಿದ ಮಣಿಕಟ್ಟು, ಒಳಗೆ ಮುದುಡಿದ ಬೆರಳು, ಎಲ್ಲವನ್ನೂ ಹೊರಗೆ ತೆಗೆದು ಮೊಣಕಾಲ ಮೇಲಿಟ್ಟಳು. ಐಶ್ವರ್ಯಾ ಕೂಸಿನ ಮುಷ್ಟಿಯನ್ನು ಅದರ ಪಕ್ಕಕ್ಕೆ ತಂದಳು. ಎರಡೂ ಒಂದೇ ರೀತಿ ಮಡಚಿಕೊಂಡಿದ್ದವು.

"ಇವತ್ತ ಹೋಗೂಣು ನಡೀರಿ," ಎಂದಳು ಜಹೀದಾ. "ನಾನೂ ಬರ್ತೀನಿ."

ಮೂವರೂ ಕೂಸಿನೊಂದಿಗೆ ಗದಗಿಗೆ ಹೋದರು. ಅಲ್ಲಿನ ಮಕ್ಕಳ ಡಾಕ್ಟರು ಅರ್ಧ ತಾಸು ಪರೀಕ್ಷೆ ಮಾಡಿದರು. ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಹುಟ್ಟುವ ಮುಂಚೆಯೋ ಹೆರಿಗೆಯಲ್ಲೋ ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿರಬಹುದು, ತಾಯಿಯದೇನೂ ತಪ್ಪಿಲ್ಲ ಎಂದರು. ಪೂರ್ತಿ ವಾಸಿಯಾಗುವುದಿಲ್ಲ, ಆದರೆ ಈಗಿನಿಂದಲೇ ದಿನಾ ವ್ಯಾಯಾಮ ಮಾಡಿಸಿ, ಆಟದಲ್ಲಿ ಬಲಗೈಗೂ ಕೆಲಸ ಕೊಟ್ಟರೆ ಅದು ಬಹಳಷ್ಟು ಕಲಿಯುತ್ತದೆ. ತಡವಾಯಿತೇ ಎಂದು ಐಶ್ವರ್ಯಾ ಕೇಳಿದಾಗ, ಇಲ್ಲ, ಒಳ್ಳೆಯ ಹೊತ್ತಿಗೇ ಬಂದಿರಿ ಎಂದರು. ಆ ಮಾತಿಗೆ ಜಹೀದಾ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕದ್ದು ಹೋದದ್ದಕ್ಕೆ ರೇಣುಕವ್ವ ಸೊಸೆಯ ಮೇಲೆ ತಿಂಗಳುಗಟ್ಟಲೆ ಕೂಗಾಡಿದಳು. ಸ್ಕ್ಯಾನಿಂಗ್ ವರದಿಯಲ್ಲೂ ಅದೇ ಬಂದ ಮೇಲೆ ಕೂಗು ನಿಂತಿತು. ವ್ಯಾಯಾಮಕ್ಕೆಂದು ವಾರಕ್ಕೊಮ್ಮೆ ಗದಗಿಗೆ ಈಗ ಐಶ್ವರ್ಯಾಳ ಗಂಡನೇ ಕರೆದೊಯ್ಯುತ್ತಾನೆ. ಕೂಸು ಒಂದೂ ಮುಕ್ಕಾಲು ವರ್ಷಕ್ಕೆ ನಡೆಯಿತು. ಬಲ ಹಿಮ್ಮಡಿ ಇನ್ನೂ ನೆಲಕ್ಕೆ ಪೂರ್ತಿ ತಾಗುವುದಿಲ್ಲ. ಊಟ ಮಾಡುವಾಗ ಬಲಗೈ ತಾಟನ್ನು ಒತ್ತಿ ಹಿಡಿಯುತ್ತದೆ. ರೇಣುಕವ್ವ ಜಮಾಲಬಿಯನ್ನು ಮತ್ತೆ ಕರೆಸಿಲ್ಲ.

ಡಾಕ್ಟರಿಗೆ ತೋರಿಸಿದ ದಿನ ಗದಗಿನಿಂದ ಬರುವ ಬಸ್ಸಿನಲ್ಲಿ, ಅವಳು ಕೂಸಾಗಿದ್ದಾಗ ತನಗೆ ಇದು ತಿಳಿದಿರಲಿಲ್ಲ ಎಂದು ಜಮಾಲಬಿ ಮಗಳಿಗೆ ಹೇಳಿದಳು. ಜಹೀದಾ ಕ್ಷಮಿಸಿದೆ ಎನ್ನಲಿಲ್ಲ. ಬಸ್ಸು ರೋಣ ಮುಟ್ಟುವವರೆಗೂ ತಾಯಿಯ ಭುಜಕ್ಕೆ ಒರಗಿ ಕೂತಿದ್ದಳು.