ಬೀಗರ ಟಾಕೀಸಿಗೆ ಒಂದು ಹೊಗಳಿಕೆ

ಸಿಂದಗಿ ಬಜಾರದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಶ್ರೀಶೈಲಪ್ಪ ವಾರವಿಡೀ ಸುಳ್ಳು ಹೇಳಿ ಬದುಕುವ ಮನುಷ್ಯ. ತಪ್ಪು ತಿಳಿಯಬೇಡಿ, ಅರಿವೆ ವ್ಯಾಪಾರವೇ ಹಾಗೆ. ಮೊದಲ ಸಲ ಒಗೆದಾಗಲೇ ಅರ್ಧ ಬಣ್ಣ ಬಕೀಟಿನಲ್ಲಿ ಉಳಿಯುವ ಸೀರೆಯನ್ನು ಹರವಿ ತೋರಿಸಿ, ‘ನಿಮ್ಮ ಮೊಮ್ಮಗಳೂ ಇದನ್ನ ಉಡತಾಳ ಯವ್ವಾ’ ಎನ್ನಬೇಕು. ಹೀಗೆ ಹೊಗಳಿ ಹೊಗಳಿ ಅವನ ಹೊಟ್ಟೆಯಲ್ಲಿ ಖರೇ ಮಾತುಗಳು ಗಂಟುಕಟ್ಟಿಕೊಂಡಿರುತ್ತಿದ್ದವು. ಶುಕ್ರವಾರ ಟಾಕೀಸಿಗೆ ಹೋಗಿ ಹೊಸ ಸಿನಿಮಾ ನೋಡಿ ಬಂದು, ಆ ಗಂಟನ್ನೆಲ್ಲ ಅದರ ಮೇಲೆ ಬಿಚ್ಚುತ್ತಿದ್ದ. ರವಿವಾರ ಊರಿನ ವಾರಪತ್ರಿಕೆಯಲ್ಲಿ ಅವನ ವಿಮರ್ಶೆ ಅಚ್ಚಾಗುತ್ತಿತ್ತು. ಪತ್ರಿಕೆ ಬಸ್ಸು ಹತ್ತಿ ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಕ್ಕೂ ಹೋಗುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ಆಗ ಬರುತ್ತಿದ್ದ ಯಾವ ಸಿನಿಮಾವೂ ಅವನ ಕೈಯಿಂದ ಮೈ ಉಳಿಸಿಕೊಂಡು ಹೋದದ್ದಿಲ್ಲ. ಸಂಸಾರದ ಚಿತ್ರ ಬಂದರೆ, ‘ತಾಯಿ ಅಳುತ್ತಾಳೆ, ಸೊಸೆ ಅಳುತ್ತಾಳೆ, ಕೊನೆಗೆ ಮನೆಯ ಎಮ್ಮೆಯೂ ಕಣ್ಣೀರು ಹಾಕುತ್ತದೆ, ಪ್ರೇಕ್ಷಕ ಮಾತ್ರ ಆಕಳಿಸುತ್ತಾನೆ’ ಎಂದು ಬರೆದ. ಹೊಡೆದಾಟದ ಚಿತ್ರ ಬಂದರೆ, ‘ನಾಯಕ ಸಿಂದಗಿಯಲ್ಲಿ ಒದ್ದರೆ ಖಳನಾಯಕ ಆಲಮೇಲದಲ್ಲಿ ಬೀಳುತ್ತಾನೆ, ಅದೂ ಬಸ್ಸಿಗಿಂತ ಮುಂಚೆ’ ಎಂದ. ಕೊಲೆ ರಹಸ್ಯದ ಚಿತ್ರ ಬಂತೆಂದರೆ ಮುಗಿಯಿತು. ‘ಕೊಲೆ ಮಾಡಿದವನು ಮಾಲಿ’ ಎಂದೇ ವಿಮರ್ಶೆ ಶುರು. ಯಾಕಪ್ಪಾ ಹೀಗೆ ಮಾಡಿದಿ ಎಂದು ಕೇಳಿದರೆ, ‘ಇಂಟರ್ವಲ್‌ಕಿಂತ ಮೊದಲ ನನಗ ಗೊತ್ತಾತು, ಉಳದವರಿಗೆ ಯಾಕ ತ್ರಾಸು’ ಎನ್ನುತ್ತಿದ್ದ. ತಾನು ಬೈದರೆ ಮಂದಿ ಟಾಕೀಸಿನತ್ತ ಸುಳಿಯುವುದಿಲ್ಲ, ನಾಲ್ಕು ತಾಲೂಕಿನ ಜನರ ರೊಕ್ಕ, ಕಣ್ಣು ಎರಡೂ ತನ್ನಿಂದಲೇ ಉಳಿದಿವೆ ಎಂಬ ಹೆಮ್ಮೆ ಅವನಿಗೆ. ಇರಲಿ ಬಿಡಿ, ಯಾರಿಗೂ ತೊಂದರೆಯಿಲ್ಲದ ಹೆಮ್ಮೆ.

ತೊಂದರೆ ಶುರುವಾದದ್ದು ಅವನ ಮಗಳು ಶೈಲಶ್ರೀಗೆ ಮುದ್ದೇಬಿಹಾಳದ ಸಂಬಂಧ ಕೂಡಿಬಂದಾಗ. ಹುಡುಗ ಸಂಜೀವಕುಮಾರ, ಬೀಜ–ಗೊಬ್ಬರದ ಅಂಗಡಿಯವನು. ಅವನ ಅಪ್ಪ ಗುರಲಿಂಗಪ್ಪನದು ಅದೇ ಊರಲ್ಲಿ ಟಾಕೀಸು. ಹುಡುಗಿ ಒಪ್ಪಿದ್ದಳು, ಹುಡುಗನೂ ಒಪ್ಪಿದ್ದ. ಒಪ್ಪಿದ್ದೇನು, ಶೈಲಶ್ರೀ ಅವತ್ತಿನಿಂದ ರೊಟ್ಟಿ ಬಡಿಯುವಾಗಲೂ ನಗುತ್ತಿದ್ದಳು. ಮಗಳು ಅಷ್ಟು ನಕ್ಕದ್ದನ್ನು ಶ್ರೀಶೈಲಪ್ಪ ನೋಡಿಯೇ ಇರಲಿಲ್ಲ. ಹೇಗಾದರೂ ಮಾಡಿ ಈ ಸಂಬಂಧ ದಡ ಮುಟ್ಟಲಿ ಎಂದು ಅವನು ಮನೆದೇವರಿಗೆ ಹೇಳಿಕೊಂಡಿದ್ದ. ನಿಶ್ಚಯದ ಶಾಸ್ತ್ರವೊಂದೇ ಬಾಕಿ.

ಅಷ್ಟರಲ್ಲಿ ಗುರಲಿಂಗಪ್ಪನ ಫೋನು ಬಂತು. ‘ಬೀಗರ, ಶುಕ್ರವಾರ ನಮ್ಮ ಟಾಕೀಸಿಗೆ ಹೊಸಾ ಫೈಟಿಂಗ್ ಪಿಚ್ಚರ್ ಹಾಕಾಕತ್ತೇನಿ. ನೀವ ಬಂದು ನೋಡಬೇಕು. ನೋಡಿ ನಿಮ್ಮ ಮನಸಿನಾಗ ಏನ ಬರತೈತಿ ಅದನ್ನ ಬರೀರಿ. ಬೀಗರ ಟಾಕೀಸು ಅಂತ ಸಂಕೋಚ ಬ್ಯಾಡ್ರಿ’ ಎಂದ.

ಶ್ರೀಶೈಲಪ್ಪ ಖುಷಿಯಿಂದ ಹೆಂಡತಿ ಲಕ್ಕವ್ವನಿಗೆ ಹೇಳಿದ. ಅವಳು ಹಣೆ ಬಡಿದುಕೊಂಡಳು.

‘ನಿಮಗ ತಿಳೂವಳಿಕಿ ಯಾವಾಗ ಬರತೈತ್ರಿ? ಬೀಗರು ಪಂಕ್ತ್ಯಾಗ ಕುಂತು ಸಾಕ್ರಿ ಸಾಕ್ರಿ ಅಂತ ಎಲಿ ಮ್ಯಾಲ ಕೈ ಅಡ್ಡ ಹಿಡೀತಾರ. ಹಂಗಂತ ಬಡಸೋದು ಬಿಡತೀರೇನು? ಕೈ ಸರಿಸಿ ಇನ್ನೆರಡು ಹೋಳಿಗಿ ಹಾಕತೀರಿಲ್ಲೋ? ಸಂಕೋಚ ಬ್ಯಾಡ ಅಂದ್ರ ಹೊಗಳಿ ಬರೀರಿ ಅಂತ ಅರ್ಥ.’

‘ಖರೇ ಬರೀರಿ ಅಂದಾರಲ್ಲ.’

‘ಬೀಗರ ಮನಿ ಅಡಿಗಿಗೇ ಕೆಟ್ಟೈತಿ ಅಂತ ಹೆಸರಿಡಬಾರದು, ಇನ್ನ ಅವರು ಅನ್ನ ತಿನ್ನೋ ಟಾಕೀಸಿಗೆ ಹೆಸರಿಡತೀರೇನು? ನಿಮ್ಮ ಖರೇತನದಾಗ ನನ್ನ ಮಗಳು ಮನ್ಯಾಗ ಉಳದ್ಲು ಅಂದ್ರ ನೋಡ್ರಿ ಮತ್ತ.’

ಪದ್ಧತಿಯ ಪ್ರಕಾರ ಲಕ್ಕವ್ವನ ಮಾತು ನೂರಕ್ಕೆ ನೂರು ಸರಿ. ಶ್ರೀಶೈಲಪ್ಪ ಬಾಯಿಗೆ ಬೀಗ ಹಾಕಿಕೊಂಡು ತಾಳಿಕೋಟೆ ದಾರಿಯಾಗಿ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ಹತ್ತಿದ.

ಟಾಕೀಸು ತುಂಬಿತ್ತು. ಗುರಲಿಂಗಪ್ಪ ಅವನನ್ನು ಬಾಲ್ಕನಿಯಲ್ಲಿ ಪಕ್ಕಕ್ಕೇ ಕೂರಿಸಿಕೊಂಡು ಮಿರ್ಚಿಭಜಿ, ಚುರುಮುರಿ, ಚಹಾ ತರಿಸಿದ. ಸಿನಿಮಾ ಶುರುವಾಯಿತು. ಏನು ಹೇಳಲಿ, ಶಿವನೇ. ನಾಯಕ ಗುಂಡು ತಗುಲಿ ನೆಲಕ್ಕೆ ಬಿದ್ದವನು ಹಾಡು ಬಂದ ಕೂಡಲೇ ಎದ್ದು ಹಿಮದ ಬೆಟ್ಟದಲ್ಲಿ ಕುಣಿದು, ಹಾಡು ಮುಗಿದ ಮೇಲೆ ಬಂದು ಅದೇ ಜಾಗದಲ್ಲಿ ಮತ್ತೆ ಬಿದ್ದುಕೊಂಡ. ಶ್ರೀಶೈಲಪ್ಪನ ನಾಲಿಗೆ ತುರಿಸಿತು. ಗುರಲಿಂಗಪ್ಪ ಅವನ ಮುಖವನ್ನೇ ನೋಡುತ್ತ, ‘ಹೆಂಗೈತ್ರಿ ಬೀಗರ’ ಎಂದು ಆಸೆಯಿಂದ ಕೇಳಿದ. ಶ್ರೀಶೈಲಪ್ಪ ಒಂದು ಇಡೀ ಮಿರ್ಚಿ ಬಾಯಿಗೆ ತುರುಕಿಕೊಂಡು ತಲೆಯಾಡಿಸಿದ. ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆ ಎಂದು ಇಬ್ಬರೂ ತಿಳಿದರು.

ಮರುದಿನ ಅಂಗಡಿಯಲ್ಲಿ ಕೂತು ಬರೆದ. ಹೊಗಳಿಕೆ ಅವನಿಗೆ ಗೊತ್ತಿದ್ದದ್ದು ಒಂದೇ ಬಗೆಯದು. ಹೀಗಾಗಿ ಅದೇ ಬಂತು: ‘ಗಟ್ಟಿ ನೇಯ್ಗೆಯ ಕತೆ. ಎಷ್ಟು ಸಲ ನೋಡಿದರೂ ಬಣ್ಣ ಬಿಡುವುದಿಲ್ಲ. ಮನೆಮಂದಿಗೆಲ್ಲ ಒಪ್ಪುವಂಥದ್ದು. ಇಂಥ ಮಾಲು ಮತ್ತೆ ಬರುವುದಿಲ್ಲ.’ ಬರೆದು ಮುಗಿಸಿದಾಗ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಆದರೆ ಅಂಗಡಿಯ ಹಿಂದಿನ ಮನೆಯಲ್ಲಿ ಶೈಲಶ್ರೀ ನಗುತ್ತಿದ್ದದ್ದು ಕೇಳಿಸಿತು, ಸಮಾಧಾನ ಮಾಡಿಕೊಂಡ.

ಮಂಗಳವಾರ ಮುಂಜಾನೆ ಗುರಲಿಂಗಪ್ಪ ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಮುಖ ಒಣಗಿತ್ತು. ‘ಬರ್ರಿ ಬೀಗರ’ ಎಂದರೆ ಕೂರಲಿಲ್ಲ.

‘ಸಂಬಂಧ ಬ್ಯಾಡಾಗಿದ್ರ ನೇರ ಹೇಳಬೇಕಿತ್ತ್ರಿ’ ಎಂದ. ‘ಹೊಗಳಿ ಯಾಕ ಕೊಂದ್ರಿ?’

ಶ್ರೀಶೈಲಪ್ಪ ಕೈಯಲ್ಲಿದ್ದ ಅರಿವೆ ಕೆಳಗಿಟ್ಟು, ‘ಯಾರನ್ನ ಕೊಂದೆನ್ರಿ?’ ಎಂದ.

‘ಶುಕ್ರವಾರ ತುಂಬಿ ತುಳುಕಿದ್ದ ಟಾಕೀಸು, ರವಿವಾರ ನಿಮ್ಮ ಪೇಪರ್ ಬಂತು ನೋಡ್ರಿ, ಸಂಜೀ ಆಟಕ್ಕ ಬಾಗಲಾ ಕಾಯೋ ಅಮಸಿದ್ದ ಒಬ್ಬನ ಕುಂತಿದ್ದ. ಶ್ರೀಶೈಲಪ್ಪ ಮೆಚ್ಚ್ಯಾನಂದ್ರ ಅದು ಪ್ರಶಸ್ತಿ ಪಿಚ್ಚರ್ ಇರಬೇಕು, ಒಬ್ಬ ಮುದುಕ ಬಾವಿ ಕಟ್ಟಿ ಮ್ಯಾಲ ಕುಂತು ಸುಮ್ನ ನೋಡತಿರತಾನ ಅಂತ ಮಂದಿ ಮಾತಾಡಾಕತ್ತಾರ. ಹಿಂದ ಅಂಥಾದ್ದ ಒಂದ ಪಿಚ್ಚರ್ ತಂದಿದ್ದೆ, ಅದನ್ನ ಎರಡನೇ ದಿನ ಎತ್ತೇನಿ. ನೀವು ಬೈದದ್ದು ಒಂದೊಂದೂ ತಿಂಗಳುಗಟ್ಟಲೆ ಓಡ್ಯಾವು. ಎಮ್ಮಿ ಅಳತೈತಿ ಅಂತ ಬರದ್ರಲ್ಲ, ಆ ಎಮ್ಮಿ ನೋಡಾಕ ಗೊಳಸಂಗಿಯಿಂದ ಟ್ರ್ಯಾಕ್ಟರ್ ಮಾಡ್ಕೊಂಡು ಬಂದಿದ್ರು. ನಿಮ್ಮ ಬೈಗಳಾ ನಂಬಿ ಈ ಪಿಚ್ಚರ್ ತಂದಿದ್ದೆ. ಸಂಕೋಚ ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ದೆ.’

ಶ್ರೀಶೈಲಪ್ಪ ಗೋಡೆಗೆ ಒರಗಿಬಿಟ್ಟ. ಮಗಳ ಮದುವೆ ಮುರಿಯುತ್ತಿದೆ ಎಂಬ ಭಯ ಒಂದು ಕಡೆ. ಇಷ್ಟು ವರ್ಷ ತಾನು ಬೇಡ ಎಂದದ್ದನ್ನೇ ಜನ ಓಡಿ ಓಡಿ ನೋಡಿದ್ದಾರೆ ಎಂಬ ಅವಮಾನ ಇನ್ನೊಂದು ಕಡೆ. ಯಾವುದಕ್ಕೆ ಮೊದಲು ಅಳಬೇಕು ತಿಳಿಯಲಿಲ್ಲ. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟ.

‘ಅದೇನು ಪಿಚ್ಚರ್ ಏನ್ರಿ ಬೀಗರ? ಗುಂಡು ಬಿದ್ದಾಂವ ಎದ್ದು ಕುಣದು ಬಂದು ಮತ್ತ ಸಾಯ್ತಾನ. ಹೀರೋನ ಮೀಸಿ ಒಂದ ಫೈಟಿನ್ಯಾಗ ದಪ್ಪ, ಇನ್ನೊಂದರಾಗ ಸಣ್ಣ. ಅವನ ಅವ್ವ ಅವನಕಿಂತ ಸಣ್ಣಾಕಿ ಕಾಣತಾಳ. ನನ್ನ ಮಗಳ ಸಲುವಾಗಿ ಆ ಮಿರ್ಚಿ ಜೋಡಿ ಎಲ್ಲಾ ನುಂಗೇನ್ರಿ.’

ಸೀರೆ ನೋಡುತ್ತಿದ್ದ ಇಬ್ಬರು ಹೆಣ್ಣುಮಕ್ಕಳು ಸೀರೆ ಕೆಳಗಿಟ್ಟು, ‘ಯಾವ ಟಾಕೀಸ್ರಿ ಅದು?’ ಎಂದರು. ಗುರಲಿಂಗಪ್ಪನ ಮುಖಕ್ಕೆ ನೆತ್ತರು ಮರಳಿ ಬಂತು.

‘ಇದನ್ನ ಬರೀರಿ ಅಂದಿದ್ದು. ಆದ್ರ ಇನ್ನ ರವಿವಾರತನಕ ಪಿಚ್ಚರ್ ಉಳಿಯೂದಿಲ್ಲ. ಏಳ್ರಿ, ಅಂಗಡಿ ಮುಚ್ಚರಿ.’

ಮರುದಿನ ಮುದ್ದೇಬಿಹಾಳದ ಓಣಿ ಓಣಿಯಲ್ಲಿ ಟಾಕೀಸಿನ ಜಾಹೀರಾತು ಜೀಪು ತಿರುಗಿತು. ಧ್ವನಿವರ್ಧಕದಲ್ಲಿ ಸ್ವತಃ ಶ್ರೀಶೈಲಪ್ಪ. ‘ನಾ ಹೊಗಳಿ ಬರದದ್ದು ಸುಳ್ಳರಿ. ಈ ಪಿಚ್ಚರ್ ದಯಮಾಡಿ ನೋಡಬ್ಯಾಡ್ರಿ. ಕತಿ ಇಲ್ಲ, ಬುದ್ಧಿ ಇಲ್ಲ. ಇದು ನಾ ಕಂಡ ಪಿಚ್ಚರ್‌ಗಳೊಳಗ ಅತೀ ಹೊಲಸ ಪಿಚ್ಚರ್.’ ಕೈಮುಗಿದು, ಗಂಟಲು ಕಟ್ಟುವವರೆಗೆ ಬೇಡಿಕೊಂಡ. ಬೇಡಿಕೊಂಡಷ್ಟೂ ಜನ ಜೀಪಿನ ಹಿಂದೆಯೇ ಟಾಕೀಸಿನ ಕಡೆ ನಡೆದರು. ಸಂಜೆಗೆ ಬಾಲ್ಕನಿಯಲ್ಲಿ ಅವನಿಗೂ ಕುರ್ಚಿ ಸಿಗಲಿಲ್ಲ.

ಮುಂದಿನ ವಾರ ಸಿಂದಗಿಯ ಅವನ ಮನೆಯಲ್ಲೇ ನಿಶ್ಚಯ. ಎರಡೂ ಕಡೆಯವರು ಕೂತಿದ್ದರು. ಗುರಲಿಂಗಪ್ಪನ ಮುದಿ ತಾಯಿ, ‘ಬೀಗರ, ನಮ್ಮ ಹುಡಗ ನಿಮಗ ಹೆಂಗ ಅನಸ್ತಾನ, ಒಂದ ಮಾತು ಹೇಳ್ರಿ’ ಎಂದಳು.

ಶ್ರೀಶೈಲಪ್ಪ ಸಂಜೀವಕುಮಾರನ ಕಡೆ ನೋಡಿದ. ಹುಡುಗ ನಿಜಕ್ಕೂ ಅಪರಂಜಿ. ಅಂಗಡಿಯ ಸುಳ್ಳೂ ಅಲ್ಲ, ಪತ್ರಿಕೆಯ ಸಿಟ್ಟೂ ಅಲ್ಲ, ಜನ್ಮದಲ್ಲಿ ಮೊದಲ ಸಲ ಒಂದು ಖರೇ ಹೊಗಳಿಕೆ ಅವನ ನಾಲಿಗೆಯ ತುದಿಗೆ ಬಂತು. ಗುರಲಿಂಗಪ್ಪನ ಮುಖ ಬಿಳಿಚಿತು. ತಲೆ ತಗ್ಗಿಸಿ ಕೂತಿದ್ದ ಶೈಲಶ್ರೀ ಮೆಲ್ಲಗೆ, ‘ಅಪ್ಪಾ, ನೀ ಹೊಗಳಬ್ಯಾಡ’ ಎಂದಳು.

ಶ್ರೀಶೈಲಪ್ಪ ಬಂದ ಮಾತನ್ನು ನುಂಗಿದ. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

‘ಎತ್ತರ ಸಾಲದು’ ಎಂದ. ‘ನಡಗ್ಯಾಗ ಜೀವ ಇಲ್ಲ. ಮಾತಂತೂ ಬರೂದ ಇಲ್ಲ. ನಗೂದು...’ ಅವನ ಕಣ್ಣು ತುಂಬಿಕೊಂಡವು. ‘ನಗೂದು ಒಂಚೂರೂ ಚಂದಿಲ್ಲರಿ.’

ಮುದುಕಿ ಮೊಮ್ಮಗನ ಕೆನ್ನೆಗೆ ಎರಡೂ ಕೈ ಒತ್ತಿ ತೆಗೆದು ದೃಷ್ಟಿ ಹೋಗಲಿ ಎಂದು ಲಟಲಟ ಲಟಿಗೆ ಮುರಿದು, ‘ಇನ್ನ ಸಕ್ಕರಿ ಹಂಚರಿ’ ಎಂದಳು.