ಬಂದಿದ್ದರೂ ಬಂದಿಲ್ಲವೆಂದ ಕಾಗದ

1973ರ ಜೂನ್‌ನಲ್ಲಿ ನಾನು ರಾಜಾಜಿನಗರದ ಒಂದು ಮಹಿಳಾ ಕಾಲೇಜಿನ ಹಾಸ್ಟೆಲಿಗೆ ಅಸಿಸ್ಟೆಂಟ್ ವಾರ್ಡನ್ ಆಗಿ ಸೇರಿದೆ. ವಯಸ್ಸು ಇಪ್ಪತ್ತಾರು. ಹುದ್ದೆ ತಾತ್ಕಾಲಿಕ. ಎರಡು ವರ್ಷ ಕೆಲಸ ನೋಡಿ, ಸರಿಹೋದರೆ ಖಾಯಂ ಮಾಡಲಾಗುವುದು ಎಂದು ಆರ್ಡರಿನಲ್ಲಿ ಟೈಪ್ ಮಾಡಿದ್ದರು. ಅಪ್ಪ ತೀರಿಕೊಂಡು ಆಗಲೇ ಮೂರು ವರ್ಷ ಆಗಿತ್ತು. ಹೊಸಹಳ್ಳಿಯ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ಓದುತ್ತಿದ್ದ ಇಬ್ಬರು ತಂಗಿಯರು ಇದ್ದರು. ಖಾಯಂ ಎನ್ನುವ ಆ ಒಂದು ಪದವನ್ನು ನಾನು ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಇದನ್ನು ನೆಪ ಹೇಳುವುದಕ್ಕೆ ಬರೆಯುತ್ತಿಲ್ಲ. ಓದುವವರಿಗೆ ಗೊತ್ತಿರಲಿ, ಅಷ್ಟೆ.

ಹಾಸ್ಟೆಲಿನಲ್ಲಿ ಅರವತ್ತು ಹುಡುಗಿಯರಿದ್ದರು. ಹೆಚ್ಚಿನವರು ದಾವಣಗೆರೆ, ಹಾವೇರಿ, ರಾಣೆಬೆನ್ನೂರು ಕಡೆಯವರು. ಅಂಗಡಿ, ಮಂಡಿ, ಸರ್ಕಾರಿ ನೌಕರಿ ಇದ್ದ ಮನೆಗಳ ಮಕ್ಕಳು. ಅವರಿಗೆ ಊಟ ಹಾಕಿಸುವುದು, ಹಾಜರಿ ಹಾಕುವುದು ಎಲ್ಲ ನನ್ನ ಕೆಲಸವೇ. ಆದರೆ ಮುಖ್ಯ ಕೆಲಸ ಬೇರೆ ಇತ್ತು. ಅವರ ಕಾಗದ ಓದುವುದು.

ಈಗಿನವರು ನಂಬುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಹುಡುಗಿ ಸೇರುವಾಗ ತಂದೆ ಒಂದು ಫಾರಂ ತುಂಬಿ ಸಹಿ ಹಾಕಬೇಕಿತ್ತು. ಅವಳಿಗೆ ಕಾಗದ ಬರೆಯಬಹುದಾದ ನಾಲ್ಕು ಜನರ ಹೆಸರು ಅದರಲ್ಲಿರುತ್ತಿತ್ತು. ನಾಲ್ಕೇ. ಪೋಸ್ಟ್‌ಮ್ಯಾನ್ ಹನ್ನೊಂದು ಗಂಟೆಗೆ ಬಂದು ಕಟ್ಟು ಕೊಟ್ಟು ಹೋದ ಮೇಲೆ ನಾನು ಕತ್ತರಿ ತೆಗೆದುಕೊಂಡು ಕೂರುತ್ತಿದ್ದೆ. ಪ್ರತಿ ಕಾಗದವನ್ನೂ ಒಡೆದು, ಓದಿ, ಮೂಲೆಯಲ್ಲಿ ಹಸಿರು ಇಂಕಿನಲ್ಲಿ ಸಣ್ಣ ಸಹಿ ಹಾಕಿ, ರೂಮ್ ನಂಬರಿನ ಗೂಡಿನಲ್ಲಿ ಇಡುತ್ತಿದ್ದೆ. ಪಟ್ಟಿಯಲ್ಲಿಲ್ಲದವರು ಬರೆದಿದ್ದರೆ ಅದನ್ನು ಇನ್ನೊಂದು ಕವರಿನೊಳಗೆ ಹಾಕಿ, ‘ತಮ್ಮ ಅವಗಾಹನೆಗೆ’ ಎಂದು ಬರೆದು ತಂದೆಗೆ ಕಳಿಸಬೇಕು. ಹುಡುಗಿಯರು ಬರೆದದ್ದನ್ನೂ ಅಂಟಿಸದೆಯೇ ನಮ್ಮ ಕೈಗೆ ಕೊಡಬೇಕಿತ್ತು. ಹಾಗಾಗಿ ಅವರು ಬರೆಯುತ್ತಿದ್ದದ್ದು ಎಲ್ಲ ಒಂದೇ ಥರ: ನಾನು ಕ್ಷೇಮ, ಊಟ ಚೆನ್ನಾಗಿದೆ, ಓದು ಸಾಗಿದೆ. ಊಟ ಚೆನ್ನಾಗಿರಲಿಲ್ಲ.

ಈ ಕೆಲಸದಲ್ಲಿ ನಾನು ಬಲು ಚುರುಕು. ಅತ್ತೆ ಮಗಳ ಹೆಸರಿನಲ್ಲಿ ಬಂದ ಕಾಗದದ ಕೈಬರಹ ನೋಡಿಯೇ ಇದು ಅತ್ತೆ ಮಗಳಲ್ಲ, ಅತ್ತೆ ಮಗ ಎಂದು ಹಿಡಿಯುತ್ತಿದ್ದೆ. ವಾರ್ಡನ್ ಮೇಡಂ ಮೆಚ್ಚಿಕೊಂಡರೆ ಒಳಗೊಳಗೇ ಹಿಗ್ಗುತ್ತಿದ್ದೆ. ಥೂ, ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತದೆ.

ಒಂದು ರೀತಿಯ ಕಾಗದ ಮಾತ್ರ ಎಲ್ಲರಿಗೂ ಬೇಕಾಗಿತ್ತು. ಓದು ಮುಗಿಸಿ ಹೋದ ಹಳೆಯ ಹುಡುಗಿಯರು ಹಾಸ್ಟೆಲಿನ ಹೆಸರಿಗೇ ಬರೆಯುತ್ತಿದ್ದರು. ಒಬ್ಬಳಿಗೆ ಮದುವೆ, ಒಬ್ಬಳಿಗೆ ಮಗು, ಇನ್ನೊಬ್ಬಳಿಗೆ ಹೈಸ್ಕೂಲಿನಲ್ಲಿ ಟೀಚರ್ ಕೆಲಸ. ಭಾನುವಾರ ಊಟ ಆದ ಮೇಲೆ ಅವುಗಳನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಟೀಚರ್ ಕೆಲಸದ ಕಾಗದ ಬಂದ ದಿನ ಹಾಲ್ ನಿಶ್ಶಬ್ದವಾಗುತ್ತಿತ್ತು. ಮದುವೆ ಕಾಗದಕ್ಕೆ ಹಾಗೆ ಆಗುತ್ತಿರಲಿಲ್ಲ.

ಸರೋಜಾ ಎನ್ನುವವಳು ಹಾಗೆ ಬರೆಯುತ್ತಿದ್ದ ಹಳೆಯ ಹುಡುಗಿ. ನಾನು ಸೇರಿದ ವರ್ಷ ಅವಳದು ಕೊನೆಯ ವರ್ಷದ ಬಿ.ಎಸ್‌ಸಿ. ಮುಗಿಸಿ ಪುಣೆಗೆ ಹೋಗಿ ಒಂದು ಶಾಲೆಗೆ ಸೇರಿಕೊಂಡಳು. ಹೊರಡುವ ದಿನ ನಾನೇ ಅವಳ ಕೈ ಹಿಡಿದು ‘ಕಾಗದ ಬರೀತಿರು ಕಣೇ’ ಎಂದಿದ್ದೆ. ಇಲ್ಲಿದ್ದಾಗ ಅವಳ ರೂಮ್‌ಮೇಟ್ ಶಿವಲೀಲಾ. ರಾಣೆಬೆನ್ನೂರಿನ ಬಟ್ಟೆ ಅಂಗಡಿಯವರ ಮಗಳು, ಸರೋಜಳಿಗಿಂತ ಒಂದು ವರ್ಷ ಚಿಕ್ಕವಳು. ಮಾತು ಕಡಿಮೆ, ಗಣಿತ ಅಂದರೆ ಪ್ರಾಣ. ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಬೆರಳಲ್ಲಿ ಏನೋ ಬರೆಯುತ್ತಲೇ ಇರುತ್ತಿದ್ದಳು.

ಸರೋಜಾ ಶಿವಲೀಲಳಿಗೆ ಬೇರೆಯಾಗಿಯೂ ಬರೆಯುತ್ತಿದ್ದಳು. ಅವಳ ಹೆಸರು ಪಟ್ಟಿಯಲ್ಲಿರಲಿಲ್ಲ. ನಮ್ಮ ಹಾಸ್ಟೆಲಿನಲ್ಲೇ ಇದ್ದವಳಲ್ಲವೇ ಎಂದು ನಾನು ಮೂರು ಕಾಗದ ಬಿಟ್ಟೆ. 1975ರ ಜನವರಿಯಲ್ಲಿ ವಾರ್ಡನ್ ಮೇಡಂ ಗೂಡುಗಳನ್ನು ತಪಾಸಣೆ ಮಾಡುವಾಗ ನಾಲ್ಕನೆಯದು ಸಿಕ್ಕಿತು. ಅವರು ಕೂಗಾಡುವವರಲ್ಲ. ನನ್ನನ್ನು ಕೂರಿಸಿಕೊಂಡು, ಜೂನ್‌ನಲ್ಲಿ ಕಮಿಟಿಯವರು ನಿಮ್ಮ ಬಗ್ಗೆ ನನ್ನನ್ನೇ ಕೇಳುತ್ತಾರೆ, ಪಟ್ಟಿ ಅಂದರೆ ಪಟ್ಟಿ, ಎಂದು ಮೆತ್ತಗೆ ಹೇಳಿದರು. ನನಗೆ ಅಷ್ಟು ಸಾಕಾಯಿತು.

ಮಾರ್ಚ್ ಮೊದಲ ವಾರದಲ್ಲಿ ಸರೋಜಳ ಲಕೋಟೆ ಬಂತು. ಎಂದಿಗಿಂತ ದಪ್ಪಗಿತ್ತು. ಒಡೆದು ಓದಿದೆ. ಪುಣೆಯಲ್ಲಿ ಅವಳ ಶಾಲೆಯವರೇ ನಡೆಸುವ ಬಿ.ಎಡ್. ಕಾಲೇಜು ಇದೆ. ಗಣಿತದವರು ಸಿಗುತ್ತಿಲ್ಲ. ಶಿವಲೀಲಾ ಸೇರಿದರೆ ಫೀಸಿಲ್ಲ, ಇರಲು ಸರೋಜಳ ರೂಮೇ ಇದೆ, ಮುಗಿದ ಮೇಲೆ ಅಲ್ಲೇ ಕೆಲಸ. ಅರ್ಜಿಯ ಫಾರಂ ಒಳಗಿತ್ತು. ಈ ತಿಂಗಳ ಕೊನೆಯೊಳಗೆ ಅದು ಪುಣೆ ತಲುಪಬೇಕು. ಕೊನೆಯಲ್ಲಿ ಬರೆದಿದ್ದಳು: ‘ಅಪ್ಪಾಜಿಗೆ ಈಗಲೇ ಹೇಳಬೇಡ. ಪರೀಕ್ಷೆ ಮುಗಿಯಲಿ, ನಾನೇ ಊರಿಗೆ ಬಂದು ಅವರ ಹತ್ತಿರ ಮಾತಾಡುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ನೋಡಿರುವ ಆ ಸಂಬಂಧಕ್ಕೆ ಹೂಂ ಅನ್ನಬೇಡ.’

ಓದದೆ ಕಳಿಸಿಬಿಟ್ಟೆ ಎನ್ನುವ ಹಾಗಿಲ್ಲ. ಎರಡು ಸಲ ಓದಿದೆ. ಆ ಕಾಗದ ರಾಣೆಬೆನ್ನೂರಿಗೆ ಹೋದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕಟ್ಟಡದಲ್ಲಿ ಯಾರೂ ಇರಲಿಲ್ಲ. ಬೀರುವಿನಲ್ಲಿ ದೊಡ್ಡ ಕವರ್ ಇತ್ತು. ಕಾಗದ ಮತ್ತು ಫಾರಂ ಎರಡನ್ನೂ ಅದರೊಳಗಿಟ್ಟು, ‘ತಮ್ಮ ಅವಗಾಹನೆಗೆ’ ಎಂದು ಬರೆದು, ಮಧ್ಯಾಹ್ನದ ಟಪಾಲಿಗೆ ಹಾಕಿಸಿದೆ.

ಅವತ್ತು ಸಾಯಂಕಾಲ ಕಾಲೇಜು ಬಿಟ್ಟ ಮೇಲೆ ಶಿವಲೀಲಾ ಆಫೀಸಿನ ಕಿಟಕಿಗೆ ಬಂದಳು. ಪುಣೆಯಿಂದ ಏನಾದರೂ ಬಂತಾ ಎಂದು ಕೇಳಿದಳು. ಬಂದಿಲ್ಲ ಎಂದೆ. ಮಾರನೇ ದಿನವೂ ಕೇಳಿದಳು. ಬಂದಿಲ್ಲ. ಮೂರನೇ ದಿನ ನಾನು ತಲೆಯೆತ್ತದೆಯೇ, ಬಂದರೆ ಕೊಡಲ್ವಾ, ದಿನಾ ಬಂದು ತಲೆ ತಿನ್ನಬೇಡ ಎಂದು ಸಿಡುಕಿದೆ. ಅವಳು ಸಾರಿ ಮೇಡಂ ಅಂದಳು. ಸಾರಿ ಕೇಳಿದವಳು ಅವಳು. ಆದರೂ ಬರುವುದು ಬಿಡಲಿಲ್ಲ. ದೂರದಲ್ಲೇ ನಿಂತು ಹುಬ್ಬಿನಲ್ಲೇ ಕೇಳುವಳು, ನಾನು ತಲೆ ಅಲ್ಲಾಡಿಸುವೆ. ಹೀಗೆ ಒಂದು ವಾರ ಕಳೆಯಿತು.

ಎಂಟನೇ ದಿನ ತಂದೆ ಬಂದರು. ಸಿನಿಮಾದಲ್ಲಿ ತೋರಿಸುವಂಥ ಕೆಂಗಣ್ಣಿನ ಅಪ್ಪ ಅಲ್ಲ. ಮೃದುವಾದ ಮನುಷ್ಯ. ಬಿಳಿ ಪಂಚೆ, ಕರಿ ಕೋಟು, ಹಣೆಯಲ್ಲಿ ವಿಭೂತಿ, ಕೈಯಲ್ಲೊಂದು ದೊಡ್ಡ ಸ್ಟೀಲ್ ಡಬ್ಬಿ. ಶಿವಲೀಲಳನ್ನು ಕರೆಸಿದೆವು. ಅವಳ ಎದುರಿಗೇ ಅವರು ನನಗೆ ಕೈಮುಗಿದರು.

“ನೀವು ನಮ್ಮ ಮನಿ ಮರ್ಯಾದಿ ಉಳಿಸಿದ್ರಿ ಮೇಡಂ. ಆ ಕಾಗದ ನಮಗ ಮುಟ್ಟಿಸದಿದ್ರ ಹುಡುಗಿ ಕೈಬಿಟ್ಟು ಹೋಗ್ತಿತ್ತು. ನಿಮ್ಮ ಉಪಕಾರ ಮರೆಯಂಗಿಲ್ಲ.”

ಶಿವಲೀಲಾ ಅಪ್ಪನ ಮುಖ ನೋಡಲಿಲ್ಲ. ನನ್ನನ್ನೇ ನೋಡಿದಳು.

“ದಿನಾ ಕೇಳಿದ್ನಲ್ರೀ ಮೇಡಂ. ಬಂದಿಲ್ಲ ಅಂದ್ರಲ್ರೀ.”

ನಾನು ಹಾಜರಿ ಪುಸ್ತಕ ತೆರೆದು ಅವಳ ಹೆಸರು ಹುಡುಕತೊಡಗಿದೆ. ಪರೀಕ್ಷೆಗೆ ಇನ್ನೊಂದು ತಿಂಗಳು, ಅದೊಂದು ಬರೆಯಲಿ ಎಂದು ವಾರ್ಡನ್ ಮೇಡಂ ಆದರೂ ಒಂದು ಮಾತು ಅಂದರು. ಮನೆಯಿಂದಲೇ ಕಳಿಸಿ ಬರೆಸುತ್ತೇನೆ ಎಂದರು ತಂದೆ. ಆ ಮಾತು ಯಾರೂ ನಂಬಲಿಲ್ಲ, ಯಾರೂ ಅಲ್ಲಗಳೆಯಲೂ ಇಲ್ಲ. ಅರ್ಧ ಗಂಟೆಯಲ್ಲಿ ಅವಳ ಟ್ರಂಕು ಆಟೋದಲ್ಲಿತ್ತು. ಹೋಗುವಾಗ ಗಣಿತದ ಪುಸ್ತಕಗಳನ್ನು ಮಂಚದ ಮೇಲೇ ಬಿಟ್ಟು ಹೋಗಿದ್ದಳು.

ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಸಾಯಂಕಾಲ ಎಲ್ಲರಿಗೂ ಹಂಚಿದೆವು. ಹುಡುಗಿಯರಿಗೆ ಅಷ್ಟರಲ್ಲಿ ವಿಷಯ ತಿಳಿದಿತ್ತು, ತುಂಬ ಜನ ಮುಟ್ಟಲಿಲ್ಲ. ನಾನು ತಿಂದೆ. ಎರಡು ತಿಂದೆ, ಅದೂ ನೆನಪಿದೆ. ಆಮೇಲೆ ಯಾವ ಮನೆಯಲ್ಲೇ ಆಗಲಿ, ಅದನ್ನು ತಟ್ಟೆಗೆ ಹಾಕಿದರೆ ಕೈಮುಗಿದು ಬೇಡ ಎನ್ನುತ್ತೇನೆ. ಜನ ನನಗೆ ಸಕ್ಕರೆ ಕಾಯಿಲೆ ಎಂದುಕೊಂಡಿದ್ದಾರೆ.

ಏಪ್ರಿಲ್‌ನಲ್ಲಿ ಅವಳ ಹಾಲ್ ಟಿಕೆಟ್ ಬಂತು. ವಿಶ್ವವಿದ್ಯಾಲಯದ ಹೆಸರು ಯಾವ ತಂದೆಯ ಪಟ್ಟಿಯಲ್ಲಿ ಇರುತ್ತದೆ? ಅದನ್ನೂ ಕವರಿಗೆ ಹಾಕಿ ತಂದೆಗೆ ಕಳಿಸಿದೆ. ಪರೀಕ್ಷೆಯ ದಿನ ಅವಳ ಜಾಗ ಖಾಲಿ ಇತ್ತೆಂದು ಹುಡುಗಿಯರು ಬಂದು ಹೇಳಿದರು. ಮೇ ತಿಂಗಳಲ್ಲಿ ಅವಳ ಮದುವೆಯಾಯಿತು. ಸರೋಜಾ ನನಗೊಂದು ಕಾರ್ಡು ಬರೆದಳು: ಶಿವಲೀಲಾ ಉತ್ತರವನ್ನೇ ಬರೆದಿಲ್ಲ, ನನ್ನ ಲಕೋಟೆ ಅವಳಿಗೆ ಸಿಕ್ಕಿತೇ ಮೇಡಂ? ಅವಳು ಊರಿಗೆ ಹೋಗಿದ್ದಾಳೆ ಎಂದು ಒಂದೇ ಸಾಲು ಉತ್ತರ ಬರೆದೆ. ಸರೋಜಾ ಬುದ್ಧಿವಂತೆ, ಅರ್ಥವಾಗಿರಬೇಕು. ಆಮೇಲೆ ಹಾಸ್ಟೆಲಿಗೆ ಅವಳ ಕಾಗದ ಬರಲೇ ಇಲ್ಲ. ಜೂನ್‌ನಲ್ಲಿ ನನ್ನ ಕೆಲಸ ಖಾಯಂ ಆಯಿತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು.

1979ರಲ್ಲಿ ಹಾಸ್ಟೆಲಿನ ನೆನಪಿಗೆ ಒಂದು ಸ್ಮರಣ ಸಂಚಿಕೆ ತರುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ನಾನೇ ವಾರ್ಡನ್. ಹಳೆಯ ವಿದ್ಯಾರ್ಥಿನಿಯರಿಗೆಲ್ಲ ರಿಜಿಸ್ಟರಿನಲ್ಲಿದ್ದ ವಿಳಾಸಕ್ಕೆ ಸುತ್ತೋಲೆ ಕಳಿಸಿದೆವು: ‘ಹಾಸ್ಟೆಲಿನ ಮರೆಯಲಾಗದ ಒಂದು ನೆನಪನ್ನು ಬರೆದು ಕಳಿಸಿರಿ.’ ಮೂವತ್ತು ನಲವತ್ತು ಕಾಗದ ಬಂದವು. ತಿಳಿ ಸಾರು, ಜಿರಲೆ, ಗೇಟು ಹಾಕುವ ಮುಂಚೆ ಓಡಿ ಬಂದದ್ದು, ಎಲ್ಲ ನಗುವಂಥವೇ. ಒಂದು ಹಾವೇರಿಯಿಂದ ಬಂದಿತ್ತು. ಹಿಂದೆ ಬರೆದಿದ್ದ ಹೆಸರು ಶಿವಲೀಲಾ. ಅದರಲ್ಲಿ ಇದ್ದದ್ದು ಇಷ್ಟು:

‘ಮೇಡಂ ಅವರಿಗೆ ನಮಸ್ಕಾರ. ಸುತ್ತೋಲೆ ತವರಿಗೆ ಬಂದು, ಅಲ್ಲಿಂದ ನನಗೆ ಮುಟ್ಟಿತು. ಯಾರೂ ಒಡೆದಿರಲಿಲ್ಲ. ಈ ಕಾಗದ ನೀವೇ ಒಡೆಯುತ್ತೀರೆಂದು ಗೊತ್ತು. ಮರೆಯಲಾಗದ ನೆನಪು ಕೇಳಿದ್ದೀರಿ. ನನಗಿರುವುದು ಒಂದೇ. ಒಂದು ವಾರ ದಿನಾ ಕಿಟಕಿಗೆ ಬಂದು ಕೇಳಿದೆ, ದಿನಾ ಬಂದಿಲ್ಲ ಎಂದಿರಿ. ಕಾಗದವನ್ನು ಅಪ್ಪಾಜಿಗೆ ಕಳಿಸಿದ್ದಕ್ಕೆ ಸಿಟ್ಟಿಲ್ಲ, ಅದು ನಿಯಮ. ಬಂದಿತ್ತು, ಕೊಡುವ ಹಾಗಿಲ್ಲ ಎಂದು ಒಂದು ದಿನ ಹೇಳಿದ್ದರೂ ಸಾಕಿತ್ತು. ಸರೋಜಕ್ಕನ ಚಿಕ್ಕಮ್ಮ ಬಸವೇಶ್ವರನಗರದಲ್ಲೇ ಇದ್ದರು, ನಡೆದು ಹೋಗುವಷ್ಟು ದೂರ. ಪುಣೆಗೆ ತಂತಿ ಕೊಡಿಸುತ್ತಿದ್ದೆ. ಅಪ್ಪಾಜಿ ಎದುರು ನಿಲ್ಲುವುದಕ್ಕೆ ನನಗೆ ಒಂದು ವಾರ ಇತ್ತು. ಅದು ನನಗೆ ಗೊತ್ತೇ ಇರಲಿಲ್ಲ. ದಯವಿಟ್ಟು ಇದನ್ನು ಅಚ್ಚು ಮಾಡಿಸಿರಿ.’

ಅಚ್ಚು ಮಾಡಿಸಲಿಲ್ಲ. ಸಂಚಿಕೆಗೆ ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಆರಿಸುತ್ತಿದ್ದವಳು ನಾನೇ. ಅದನ್ನು ಮಡಿಚಿ ನನ್ನ ಬ್ಯಾಗಿಗೆ ಹಾಕಿಕೊಂಡೆ. ಇಂಥವರ ಕಾಗದ ಬಂತೇ ಎಂದು ಪ್ರೂಫ್ ನೋಡುತ್ತಿದ್ದ ಕನ್ನಡ ಲೆಕ್ಚರರ್ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೇಳಿದರು. ಶಿವಲೀಲಾ ಎಂದಾಗ ಬಂದಿಲ್ಲ ಎಂದೆ. ನಾಲಿಗೆಗೆ ಅಭ್ಯಾಸವಾಗಿತ್ತು.

ಸಂಚಿಕೆ ಹೊರಬಂದ ತಿಂಗಳು ಕಮಿಟಿ ಸಭೆಯಲ್ಲಿ ಈ ಕಾಗದ ಒಡೆಯುವ ಪದ್ಧತಿ ಇನ್ನು ಬೇಡ ಎಂದು ನಾನು ಹೇಳಿದೆ. ದೊಡ್ಡ ಗಲಾಟೆಯಾಗಬಹುದು ಎಂದು ಮಾತುಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಅಧ್ಯಕ್ಷರು ಕಾಫಿ ಕುಡಿಯುತ್ತ, ಆಗಲಿ ಬಿಡಿ, ಅಂಚೆ ಹಂಚುವ ಕೆಲಸವೂ ಹಗುರಾಗುತ್ತೆ, ಎಂದರು. ಎರಡು ನಿಮಿಷದ ಮಾತು. ನಾಲ್ಕು ವರ್ಷದ ಹಿಂದೆಯೂ ಅಷ್ಟೇ ಇರುತ್ತಿತ್ತೋ ಏನೋ. ಕೇಳಿದವರು ಯಾರು?

ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ನನ್ನನ್ನು ಶಿಸ್ತಿನ ಸಿಪಾಯಿ ಎಂದು ಹೊಗಳಿದರು. ನನಗೆ ಮಾತ್ರ ಆ ಕಿಟಕಿ ಕಾಣುತ್ತಿತ್ತು. ಕೆಲಸ ಕಲಿಸಿದ್ದೇನು ಎಂದು ಕೇಳಿದರೆ ಇಷ್ಟೇ ಹೇಳಬಲ್ಲೆ. ನಿಯಮ ನಮ್ಮ ಕೈಯಿಂದ ಮಾಡಿಸುವುದು ಸ್ವಲ್ಪ. ನಮಗೆ ಅನುಕೂಲವಾಗಲಿ ಎಂದು ನಾವೇ ಅದಕ್ಕೆ ಸೇರಿಸುವುದು ಬಹಳ. ಅವಳ ಕಾಗದ ಮೇಲೆ ಇದೆ, ಒಂದಕ್ಷರ ಬಿಡದೆ ಅಚ್ಚಾಗಿದೆ. ತಡವಾಯಿತು, ಅದು ನನಗೂ ಗೊತ್ತು. ಹಾಸ್ಟೆಲಿನ ನಿಯಮದ ಪುಸ್ತಕ ನನಗೆ ಇವತ್ತಿಗೂ ಬಾಯಿಪಾಠ. ಪಟ್ಟಿಯಲ್ಲಿಲ್ಲದ ಕಾಗದವನ್ನು ತಂದೆಗೆ ಕಳಿಸಬೇಕು ಎಂದು ಅದರಲ್ಲಿತ್ತು. ಬಂದಿಲ್ಲ ಎಂದು ಹೇಳಬೇಕು ಅಂತ ಎಲ್ಲೂ ಇರಲಿಲ್ಲ.