ಗಾಳಿಗೆ ಅಸೋಸಿಯೇಷನ್ ಇಲ್ಲ

ಕಳಮಶ್ಶೇರಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಮಾತು ಕಲಿತಾಗ ಎಲ್ಲರೂ ಖುಷಿಪಟ್ಟರು, ನನ್ನ ಅಮ್ಮನೊಬ್ಬಳನ್ನು ಬಿಟ್ಟು. ಅಮ್ಮನಿಗೆ ಕಣ್ಣು ಮಂಜು. ಗುಂಡಿಗಳನ್ನು ತಡವಿ ಒತ್ತುತ್ತಾಳೆ, ಆದರೆ ಲಿಫ್ಟು ಯಾವ ಮಹಡಿಯಲ್ಲಿ ನಿಂತಿತೆಂಬುದು ತಿಳಿಯುವುದಿಲ್ಲ. ದನಿ ಬಂದರೆ ಅನುಕೂಲವಾದೀತೆಂದು ನಾನು ಎಣಿಸಿದ್ದೆ. ಬಂದದ್ದು ಮಲಯಾಳ ಮತ್ತು ಇಂಗ್ಲಿಷು. ಮೈಸೂರು ಕಡೆಯ ಅಮ್ಮನಿಗೆ ಎರಡೂ ಅಷ್ಟಕ್ಕಷ್ಟೆ.

ಕೆಳಕ್ಕೆ ಹೊರಟ ಲಿಫ್ಟು ಬಾಗಿಲು ತೆರೆದು ‘ತಾಳೆ’ ಅನ್ನುತ್ತಿತ್ತು. ಮಲಯಾಳದಲ್ಲಿ ಹಾಗೆಂದರೆ ಕೆಳಗೆ. ಅಮ್ಮನ ಕಿವಿಗೆ ಬಿದ್ದದ್ದು ‘ತಾಳೇ’. ಸರಿ, ಅವಳು ತಾಳಿದಳು. ಬಾಗಿಲು ಮುಚ್ಚಿಕೊಂಡು ಲಿಫ್ಟು ಹೊರಟುಹೋಯಿತು. ಮೂರು ಸಲ ಹೀಗಾದ ಮೇಲೆ, ವಯಸ್ಸಾದ ಹೆಂಗಸನ್ನು ಏಕವಚನದಲ್ಲಿ ತಡೆದು ನಿಲ್ಲಿಸುವುದು ಯಾವ ಸೀಮೆಯ ಮರ್ಯಾದೆ ಎಂದು ನನ್ನ ಮೇಲೆ ಹರಿಹಾಯ್ದಳು. ನಾನು ನಕ್ಕೆ. ಆಮೇಲೆ ಅರ್ಥ ಹೇಳಿದೆ.

ಒಂದು ಸಂಜೆ ಅಮ್ಮ ಏಳನೆಯ ಮಹಡಿಯೆಂದುಕೊಂಡು ಐದರಲ್ಲಿ ಇಳಿದು ಯಾರದೋ ಮನೆಯ ಬಾಗಿಲು ತಟ್ಟಿದಳು. ಆ ಮನೆಯವರು ಒಳಗೆ ಕರೆದು ಚಹಾ ಕೊಟ್ಟು, ಮೇಲಕ್ಕೆ ತಂದು ಬಿಟ್ಟರು. ಯಾರಿಗೂ ಏನೂ ನಷ್ಟವಾಗಲಿಲ್ಲ. ಮರುದಿನ ಮಾತ್ರ ಅಸೋಸಿಯೇಷನ್ನಿನ ಅಧ್ಯಕ್ಷರು ವಾಟ್ಸಾಪಿನಲ್ಲಿ ಎಲ್ಲರಿಗೂ ಬರೆದರು: ದೃಷ್ಟಿ ಸರಿಯಿಲ್ಲದ ಹಿರಿಯರು ಇನ್ನು ಮುಂದೆ ಜೊತೆಗೊಬ್ಬರಿಲ್ಲದೆ ಲಿಫ್ಟು ಬಳಸಬಾರದು, ಅವರ ಒಳ್ಳೆಯದಕ್ಕೇ ಈ ನಿಯಮ. ಕೆಳಗೆ ಸಾಲಾಗಿ ಹೆಬ್ಬೆರಳುಗಳು ಎದ್ದವು.

ನನಗೆ ಮೈಯೆಲ್ಲ ಉರಿಯಿತು. ಸಂಜೆ ನಾನು ಕಚೇರಿಯಿಂದ ಬರುವುದರೊಳಗೆ ಅಮ್ಮ ಒಬ್ಬಳೇ ಕೆಳಗಿಳಿದು, ಗೇಟಿನ ಹತ್ತಿರದ ಕಲ್ಲುಬೆಂಚಿನಲ್ಲಿ ಇಬ್ಬರು ಮಲಯಾಳಿ ಅಜ್ಜಿಯರ ಜೊತೆ ಕೂರುತ್ತಿದ್ದಳು. ಅವರ ಭಾಷೆ ಇವಳಿಗೆ ಬಾರದು, ಇವಳದು ಅವರಿಗೆ ಬಾರದು. ಮಾತಿಗೇನೂ ಬರವಿರಲಿಲ್ಲ. ಅವಳ ದಿನವೆಂದರೆ ಆ ಒಂದು ಗಂಟೆ. ನಿಯಮ ಪಾಲಿಸಿದರೆ ಅವಳು ಏಳನೆಯ ಮಹಡಿಯಲ್ಲಿ ಕೈದಿ. ಅದನ್ನು ಒಳ್ಳೆಯದು ಎಂದು ಕರೆಯಲು ನಾನು ತಯಾರಿರಲಿಲ್ಲ.

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರ ತಾಂತ್ರಿಕ ವಿಭಾಗದವಳು. ಲಿಫ್ಟಿನ ಆ ಗಂಭೀರ ದನಿಯ ಹಿಂದೆ ಏನಿದೆಯೆಂದು ನನಗೆ ಗೊತ್ತಿತ್ತು: ಅಂಗೈಯಗಲದ ಸಿಂಗಲ್ ಬೋರ್ಡ್ ಕಂಪ್ಯೂಟರ್. ಒಂದೇ ಹಲಗೆಯ ಮೇಲೆ ಪೂರ್ತಿ ಗಣಕ. ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗಲು, ಆಸ್ಪತ್ರೆಯಲ್ಲಿ ಟೋಕನ್ ತೋರಿಸಲು ಇಂಥದ್ದನ್ನೇ ಕೂರಿಸುತ್ತಾರೆ. ಅದಕ್ಕೆ ಯಾವ ಭಾಷೆಯ ಹಠವೂ ಇಲ್ಲ, ತುಂಬಿದ್ದನ್ನು ಹೇಳುತ್ತದೆ. ಕನ್ನಡವನ್ನೂ ತುಂಬಿ, ನಾನೇ ಮಾಡಿಕೊಡುತ್ತೇನೆ ಎಂದು ಅಧ್ಯಕ್ಷರ ಮನೆಗೆ ಹೋಗಿ ಕೇಳಿದೆ. ಇವತ್ತು ಕನ್ನಡ, ನಾಳೆ ತಮಿಳು, ನಾಡಿದ್ದು ಬಂಗಾಳಿ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಲಿಫ್ಟು ಎರಡು ಸಲ ಹೋಗಿಬರುತ್ತದೆ ಮೇಡಂ ಎಂದು ಅವರು ನಕ್ಕರು. ಚಹಾ ಚೆನ್ನಾಗಿತ್ತು. ಕುಡಿದು ಎದ್ದುಬಂದೆ.

ಲಿಫ್ಟು ಮುಟ್ಟುವ ಹಾಗಿಲ್ಲವೇ? ಬೇಡ. ತಿರುವನಂತಪುರದಲ್ಲಿ ಕೆಲಸದಲ್ಲಿದ್ದಾಗ ಕೊಂಡ ಅಂಥದೇ ಬೋರ್ಡೊಂದು ಕಪಾಟಿನಲ್ಲಿ ಬಿದ್ದಿತ್ತು. ಕಚೇರಿ ಕೆಲಸಕ್ಕೆ ಅಲ್ಲಿಗೆ ಹೋದವಳು ಚಾಲೈ ಬಜಾರಿನಲ್ಲಿ ಪುಟ್ಟ ಸ್ಪೀಕರು, ವೈರು, ಸ್ವಿಚ್ಚು ತಂದೆ. ಗಾಳಿಯ ಒತ್ತಡ ಅಳೆಯುವ ಉಗುರಿನಷ್ಟು ಸೆನ್ಸರನ್ನು ತರಿಸಿಕೊಂಡೆ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಒಂದು ಮಹಡಿಯ ವ್ಯತ್ಯಾಸವನ್ನೂ ಅದು ಹಿಡಿಯುತ್ತದೆ. ಮೊದಮೊದಲು ಮೋಡ ಕವಿದರೆ ಸಾಕು, ಲೆಕ್ಕ ತಪ್ಪಿ ಏಳನ್ನು ಒಂಬತ್ತು ಅನ್ನುತ್ತಿತ್ತು. ಅದಕ್ಕೊಂದು ಸ್ವಿಚ್ಚು ಇಟ್ಟೆ: ಹೊರಡುವಾಗ ನಮ್ಮ ಬಾಗಿಲಲ್ಲಿ, ಮರಳುವಾಗ ಕೆಳಗೆ ಲಿಫ್ಟಿನ ಮುಂದೆ ಒತ್ತಿದರೆ ಅಲ್ಲಿಂದಲೇ ಎಣಿಕೆ ಶುರು. ಅಮ್ಮ ಹಳೆಯ ರವಿಕೆಯನ್ನು ಕತ್ತರಿಸಿ, ಬೆರಳಿನ ಅಂದಾಜಿನಲ್ಲೇ ಕತ್ತಿಗೆ ನೇತುಹಾಕುವ ಚೀಲ ಹೊಲಿದಳು.

ದನಿ ನನ್ನದಿರಲೆಂದು ರೆಕಾರ್ಡ್ ಮಾಡಿದ್ದೆ. ಮನೆಯಲ್ಲಿ ಇಡೀ ದಿನ ನಿನ್ನ ಅಪ್ಪಣೆ ಕೇಳುವುದು ಸಾಲದೇ ಎಂದು ಅಳಿಸಿಹಾಕಿಸಿ, ಅಮ್ಮ ತಾನೇ ಹೇಳಿದಳು. ಐದಕ್ಕೆ ‘ಚಹಾ ಮನೆ’. ಏಳಕ್ಕೆ ‘ನಮ್ಮನೆ ಬಂತು’.

ಸುದ್ದಿ ಅಧ್ಯಕ್ಷರಿಗೆ ಮುಟ್ಟಿತು. ಲಿಫ್ಟಿನಲ್ಲಿ ಬೇರೆ ಉಪಕರಣ ಬಳಸಲು ಸಮಿತಿಯ ಒಪ್ಪಿಗೆ ಬೇಕೆಂದರು. ನನ್ನ ಮುರುಕು ಮಲಯಾಳದಲ್ಲೇ ಹೇಳಿದೆ: ಲಿಫ್ಟಿನ ಒಂದು ಸ್ಕ್ರೂವನ್ನೂ ನಾನು ಮುಟ್ಟಿಲ್ಲ ಸಾರ್, ನನ್ನ ಪೆಟ್ಟಿಗೆ ಗಾಳಿಯನ್ನು ಕೇಳುತ್ತದೆ, ಗಾಳಿಗೆ ಅಸೋಸಿಯೇಷನ್ ಇಲ್ಲ. ಅಮ್ಮ ಕೆಳಗೆ ಬಂದೇ ಬರುತ್ತಾಳೆ, ನಿಯಮ ತಿದ್ದುವುದಿದ್ದರೆ ತಿದ್ದಿಕೊಳ್ಳಿ. ಅವರು ಮುಖ ಬಿಗಿದುಕೊಂಡರು. ನನಗೆ ಅದರಿಂದ ಸಂತೋಷವೇ ಆಯಿತು.

ಮೊದಲ ದಿನ ರಜೆ ಹಾಕಿ ಮನೆಯಲ್ಲೇ ಉಳಿದೆ. ಸಂಜೆ ಅಮ್ಮ ಚೀಲ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಬಾಗಿಲಲ್ಲಿ ಸ್ವಿಚ್ಚು ಒತ್ತಿದಳು. ನಾನೂ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ನಡೆದೆ. ಲಿಫ್ಟಿನೊಳಗೆ ಕಾಲಿಟ್ಟವಳು ನನ್ನ ಹೆಜ್ಜೆಯ ಸದ್ದು ಕೇಳಿ ತಿರುಗಿ, ಕೈ ಅಡ್ಡ ಹಿಡಿದಳು.

“ನೀನು ಬರಬೇಡ ಕಣೆ. ನೀನು ಜೊತೇಲಿ ಬಂದ್ರೆ ಅವ್ರು ಹೇಳಿದ್ದೇ ನಿಜ ಆಗೋಗುತ್ತೆ.”

ಬಾಗಿಲು ಮುಚ್ಚಿತು. ಪಕ್ಕದಲ್ಲೇ ಮೆಟ್ಟಿಲುಗಳಿದ್ದವು. ಕಾಲು ಅತ್ತ ಎಳೆಯುತ್ತಿತ್ತು. ಚಪ್ಪಲಿ ಕಳಚಿ ಒಳಗೆ ಬಂದೆ.